ಗೋ3270 ಲೈಬ್ರರಿ: ಅಡಿಕೆ ವಖಾರಿಯ ಕೌಂಟರಿಗೆ ಮೇನ್‌ಫ್ರೇಮ್ ಪರದೆ

ಐಬಿಎಂ ಕಂಪನಿ 1971ರಲ್ಲಿ ಮೇನ್‌ಫ್ರೇಮ್ ಎಂಬ ತನ್ನ ದೊಡ್ಡ ಕಂಪ್ಯೂಟರಿಗೆ ಜೋಡಿಸುವ, ಪರದೆ ಮತ್ತು ಕೀಬೋರ್ಡಿನ 3270 ಟರ್ಮಿನಲ್ ತಂದಿತು. ಆ ಟರ್ಮಿನಲ್ಲಿಗೆ ಪರದೆ ಕಳಿಸುವ ಸರ್ವರನ್ನು ಮೇನ್‌ಫ್ರೇಮ್‌ನ ಹಂಗಿಲ್ಲದೆ, ಮೂಲೆಯಲ್ಲಿ ಕೂತ ಮಾಮೂಲಿ ಲಿನಕ್ಸ್ ಪೆಟ್ಟಿಗೆಯ ಮೇಲೇ ಬರೆಯಲು ಬೇಕಾದ ಸರಂಜಾಮು ಗೋ3270. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿ (ಸಿದ್ಧ ಕೋಡಿನ ಕಟ್ಟು), ಎಂಐಟಿ ಪರವಾನಗಿ, ದುಡ್ಡು ಕೊಡಬೇಕಿಲ್ಲ. ಗಿಟ್‌ಹಬ್‌ನಲ್ಲಿ ರೇಸಿಂಗ್‌ಮಾರ್ಸ್ ಎಂಬ ಖಾತೆಯಡಿ ಸಿಗುತ್ತದೆ. ನೋಡುವ ಕಡೆಯಲ್ಲೂ ಹಳೆಯ ಯಂತ್ರ ಬೇಡ, ಆ ಟರ್ಮಿನಲ್ಲಿನಂತೆ ನಡೆಯುವ ಪ್ರೋಗ್ರಾಂ ಸಾಕು. ಲಿನಕ್ಸಿಗೆ ಎಕ್ಸ್3270 ಮತ್ತು ಸಿ3270, ವಿಂಡೋಸಿಗೆ ಡಬ್ಲ್ಯುಸಿ3270 ಇವೆ, ಅವೂ ಉಚಿತ.

ಹಳೆಯ ಯಂತ್ರಗಳ ಮೋಹಕ್ಕೆ ಇದನ್ನು ಹಚ್ಚಿಕೊಂಡವರೇ ಹೆಚ್ಚು. ಇಲ್ಲಿ ನೋಡುತ್ತಿರುವುದು ಕೆಲಸದ ದೃಷ್ಟಿಯಿಂದ. ಶಿರಸಿಯ ಒಂದು ಅಡಿಕೆ ವಖಾರಿ ಎಂದುಕೊಳ್ಳಿ. ಸುಗ್ಗಿಯಲ್ಲಿ ಬೆಳಿಗ್ಗೆಯಿಂದ ಚೀಲ ಇಳಿಯುತ್ತಲೇ ಇರುತ್ತವೆ. ಕೌಂಟರಿನಲ್ಲಿ ಕೂತವರು ಲಾಟ್ ನಂಬರ್, ಸದಸ್ಯರ ನಂಬರ್, ಜಾತಿ (ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು), ಚೀಲ, ತೂಕ, ದರ ಇಷ್ಟನ್ನೇ ದಿನವಿಡೀ ಹೊಡೆಯಬೇಕು. ಮೌಸಿಗೆ ಕೈ ಹೋದರೆ ಸಾಲು ಉದ್ದವಾಗುತ್ತದೆ. ಇನ್ನೊಂದು ಶಾಖೆ ದೇವಿಮನೆ ಘಟ್ಟದ ಕೆಳಗೆ ಕುಮಟೆಯಲ್ಲೋ ಕಾರವಾರದಲ್ಲೋ ಇದ್ದು, ಮಳೆಗಾಲದಲ್ಲಿ ಲೈನು ಕುಂಟುತ್ತಿದ್ದರಂತೂ ವೆಬ್ ಪುಟ ತೆರೆಯುವುದನ್ನು ಕಾಯುತ್ತ ಕೂರುವುದೇ ಒಂದು ಕೆಲಸ. ಇಂಥ ಕಡೆಗೆ ಗೋ3270 ಹೇಳಿ ಮಾಡಿಸಿದಂತಿದೆ. ಆದರೆ ಅದರ ರೀತಿ ತಿಳಿಯದೆ ಕೈ ಹಾಕಿದರೆ ಮೊದಲ ಪರದೆಯೇ ಕೆಟ್ಟು ಕೂರುತ್ತದೆ.

ಟೈಪ್ ಮಾಡುವುದು ಇಲ್ಲಿ, ಸರ್ವರಿಗೆ ಗೊತ್ತಾಗುವುದು ಎಂಟರ್ ಒತ್ತಿದ ಮೇಲೆ

ದೂರದ ಯಂತ್ರಕ್ಕೆ ಕೈಚಾಚುವ ಎಸ್‌ಎಸ್‌ಎಚ್ ಮೂಲಕ ಓಡುವ ಟರ್ಮಿನಲ್ ಪ್ರೋಗ್ರಾಂಗಳಲ್ಲಿ ಒತ್ತಿದ ಪ್ರತಿ ಅಕ್ಷರವೂ ಸರ್ವರಿಗೆ ಹೋಗಿ ಮರಳಿ ಬಂದ ಮೇಲೆಯೇ ಕಾಣುತ್ತದೆ. ಲೈನು ನಿಧಾನವಾದರೆ ಬೆರಳು ಮುಂದೆ, ಅಕ್ಷರ ಹಿಂದೆ. 3270ಯಲ್ಲಿ ಹಾಗಿಲ್ಲ. ಸರ್ವರ್ ಒಮ್ಮೆ ಖಾಲಿ ಫಾರಂ ಕಳಿಸುತ್ತದೆ, ತುಂಬುವುದು ತಿದ್ದುವುದು ಎಲ್ಲ ಟರ್ಮಿನಲ್ಲಿನ ಒಳಗೇ ನಡೆಯುತ್ತದೆ. ಎಂಟರ್ ಅಥವಾ ಯಾವುದಾದರೂ ಪಿಎಫ್ ಕೀ (ಎಫ್1, ಎಫ್2ರಂಥ ಕೀ) ಒತ್ತಿದಾಗ ತುಂಬಿದ್ದಷ್ಟೂ ಒಂದೇ ಗಂಟಾಗಿ ಹೋಗುತ್ತದೆ.

ಗಂಟು ಎಷ್ಟು ದೊಡ್ಡದು? ಲಾಟಿಗೆ 6, ಸದಸ್ಯರಿಗೆ 6, ಜಾತಿಯ ಕೋಡಿಗೆ 1, ಚೀಲಕ್ಕೆ 3, ತೂಕಕ್ಕೆ 7, ದರಕ್ಕೆ 6 ಅಕ್ಷರ ಎಂದಿಟ್ಟರೆ ಎಲ್ಲ ತುಂಬಿದರೂ 29 ಬೈಟ್. ಪ್ರತಿ ಫೀಲ್ಡಿನ ವಿಳಾಸಕ್ಕೆ 3ರಂತೆ 18, ಯಾವ ಕೀ ಮತ್ತು ಕರ್ಸರ್ ಎಲ್ಲಿ ಎನ್ನಲು 3, ಕೊನೆಯ ಗುರುತಿಗೆ 2. ಒಟ್ಟು 52 ಬೈಟ್. ನೆಟ್‌ವರ್ಕಿನ ಹೊದಿಕೆ ಬೇರೆ ಸೇರುತ್ತದೆ, ಅದು ಎಲ್ಲಕ್ಕೂ ಇದ್ದದ್ದೇ. ಇಷ್ಟು ಸಣ್ಣ ಗಂಟು ಎಂಥ ಹರಕು ಲೈನಿನಲ್ಲೂ ದಾಟಿಬಿಡುತ್ತದೆ.

ಇನ್ನೊಂದು ಲಾಭ ಮೊದಲ ನೋಟಕ್ಕೆ ಕಾಣುವುದಿಲ್ಲ. ಎಂಟರ್ ಒತ್ತಿದೊಡನೆ ಕೀಬೋರ್ಡ್ ಲಾಕ್ ಆಗುತ್ತದೆ, ಸರ್ವರ್ ಉತ್ತರ ಕಳಿಸಿ ಬಿಡಿಸಿದ ಮೇಲೆಯೇ ಮುಂದಿನ ಅಕ್ಷರ. ಡೇಟಾಬೇಸ್ ತಡವಾದಾಗ ಅವಸರಕ್ಕೆ ಎರಡು ಸಲ ಒತ್ತಿ ಒಂದೇ ಲಾಟ್ ಎರಡು ಬಾರಿ ಸೇರುವ, ವೆಬ್ ಫಾರಂಗಳ ಆ ಹಳೆಯ ಪೀಡೆ ಇಲ್ಲಿ ಬಹುಮಟ್ಟಿಗೆ ಹುಟ್ಟುವುದಿಲ್ಲ. ಆದರೂ ಲಾಟ್ ನಂಬರಿಗೆ ಡೇಟಾಬೇಸಿನಲ್ಲಿ, ಅದೇ ನಂಬರ್ ಎರಡನೇ ಸಲ ಸೇರದಂತೆ ತಡೆಯುವ ಯೂನಿಕ್ ನಿರ್ಬಂಧ ಹಾಕಿರಲೇಬೇಕು. ಎಂಟರ್ ತಲುಪಿ, ಉತ್ತರ ಬರುವ ಮೊದಲು ಲೈನು ಕಡಿದರೆ, ಮತ್ತೆ ಬಂದು ಕೂತವರು ಅದೇ ಲಾಟನ್ನು ಇನ್ನೊಮ್ಮೆ ಹೊಡೆಯುವವರೇ.

ಪರದೆ ಕಟ್ಟುವುದು

ಶುರುಮಾಡಲು ಹೆಚ್ಚು ಕೆಲಸವಿಲ್ಲ. ಗೋ ಗೆಟ್ ಆಜ್ಞೆಯಿಂದ ಲೈಬ್ರರಿ ತರಿಸಿ, ಗೋನ ಮಾಮೂಲಿ ನೆಟ್ ಪ್ಯಾಕೇಜಿನಿಂದ ಒಂದು ಟಿಸಿಪಿ ಪೋರ್ಟಿನಲ್ಲಿ ಕಿವಿಗೊಡಬೇಕು. ಉದಾಹರಣೆ ಪ್ರೋಗ್ರಾಂಗಳಲ್ಲಿ ಪೋರ್ಟ್ 3270 ಇದೆ, ಅದನ್ನೇ ಇಟ್ಟುಕೊಳ್ಳಿ. ಟೆಲ್‌ನೆಟ್‌ನ ಹಳೆಯ 23 ಬೇಕೆಂದರೆ ಲಿನಕ್ಸಿನಲ್ಲಿ ರೂಟ್ ಅನುಮತಿಯ ತಕರಾರು ಬರುತ್ತದೆ. ಬಂದ ಪ್ರತಿ ಸಂಪರ್ಕಕ್ಕೂ ಒಂದು ಗೋರುಟೀನ್ (ಉಳಿದವುಗಳ ಜೊತೆಜೊತೆಗೇ ಓಡುವ ಗೋ ಭಾಷೆಯ ಕೆಲಸದ ಎಳೆ). ಅದರೊಳಗೆ ಮೊದಲು ನೆಗೋಶಿಯೇಟ್‌ಟೆಲ್‌ನೆಟ್ ಕರೆಯಬೇಕು, ಆಮೇಲೆ ಪರದೆ ತೋರಿಸಬೇಕು. ನೆಗೋಶಿಯೇಶನ್ನಿನಲ್ಲಿ ಟರ್ಮಿನಲ್ ಯಾವುದು, ಬೈನರಿ ಹಾದಿಯೇ, ದಾಖಲೆಯ ಕೊನೆ ಗುರುತಿಸುವುದು ಹೇಗೆ ಎಂದು ಎರಡೂ ಕಡೆಯವರು ಒಪ್ಪಿಕೊಳ್ಳುತ್ತಾರೆ. ಅದು ಕೊಡುವ ಎರರ್ ನೋಡದೆ ಮುಂದೆ ಹೋಗಬೇಡಿ. ಪೋರ್ಟ್ ತಡಕುವ ಪ್ರೋಗ್ರಾಂಗಳು, ಬರೀ ಟೆಲ್‌ನೆಟ್ ಕ್ಲೈಂಟುಗಳು ಎಲ್ಲ ಬಂದು ಬಾಗಿಲು ಬಡಿಯುತ್ತವೆ. ಸಂಪರ್ಕಕ್ಕೆ ಮೊದಲೇ ಒಂದು ರೀಡ್ ಡೆಡ್‌ಲೈನ್ (ಇಷ್ಟರೊಳಗೆ ಏನಾದರೂ ಬರಬೇಕು ಎಂಬ ಗಡುವು) ಕೊಟ್ಟು, ನೆಗೋಶಿಯೇಶನ್ ಮುಗಿದ ಮೇಲೆ ತೆಗೆದುಹಾಕಿದರೆ ಮಾತೇ ಆಡದ ಗಿರಾಕಿಗಳು ತಾವಾಗಿ ಉದುರುತ್ತಾರೆ.

ಪರದೆ ಎಂದರೆ ಫೀಲ್ಡುಗಳ ಒಂದು ಸ್ಲೈಸ್, ಅಂದರೆ ಪಟ್ಟಿ. ಪ್ರತಿ ಫೀಲ್ಡಿಗೂ ಸಾಲು, ಕಾಲಂ, ಒಳಗಿನ ಪಠ್ಯ, ಬರೆಯಬಹುದೇ ಇಲ್ಲವೇ, ಹೆಸರು, ಬಣ್ಣ, ಅಡಿಗೆರೆ ಇತ್ಯಾದಿ. ಎಣಿಕೆ ಸೊನ್ನೆಯಿಂದ. ಮಾಮೂಲಿ ಪರದೆಗೆ 24 ಸಾಲು, 80 ಕಾಲಂ, ಅಂದರೆ ಸಾಲು 0ರಿಂದ 23, ಕಾಲಂ 0ರಿಂದ 79.

ಹೊಸಬರೆಲ್ಲ ಎಡವುವುದು ಇಲ್ಲೇ. ಫೀಲ್ಡಿಗೆ ಕೊಡುವ ಕಾಲಂ ಅದರ ಮೊದಲ ಅಕ್ಷರದ ಜಾಗವಲ್ಲ, ಫೀಲ್ಡಿನ ಗುಣ ಹೇಳುವ ಅಟ್ರಿಬ್ಯೂಟ್ ಕೂರುವ ಜಾಗ. ಆ ಮನೆ ಪರದೆಯ ಮೇಲೆ ಖಾಲಿಯಾಗಿ ಕಾಣುತ್ತದೆ, ಅಕ್ಷರ ಶುರುವಾಗುವುದು ಮುಂದಿನ ಮನೆಯಿಂದ. ಸದಸ್ಯರ ನಂಬರಿನ ಫೀಲ್ಡನ್ನು 5ನೇ ಸಾಲಿನ 20ನೇ ಕಾಲಂನಲ್ಲಿಟ್ಟರೆ ಆರು ಅಂಕಿ ಕೂರುವುದು 21ರಿಂದ 26ರವರೆಗೆ. ಕರ್ಸರ್ ಇಡಬೇಕಾದದ್ದೂ 21ರಲ್ಲಿ. ತಪ್ಪಿ 20 ಎಂದು ಕೊಟ್ಟರೆ ಮೊದಲ ಅಂಕಿ ಒತ್ತಿದೊಡನೆ ಕೆಳಗಿನ ಪಟ್ಟಿಯಲ್ಲಿ ಎಕ್ಸ್ ಗುರುತು ಬಂದು ಕೀಬೋರ್ಡ್ ಲಾಕ್.

ಎರಡನೆಯದು: ಫೀಲ್ಡಿಗೆ ಉದ್ದ ಎಂಬುದೇ ಇಲ್ಲ. ಶುರುವಾದ ಫೀಲ್ಡ್ ಇನ್ನೊಂದು ಫೀಲ್ಡ್ ಎದುರಾಗುವವರೆಗೂ ಹರಿಯುತ್ತದೆ, ಸಾಲು ದಾಟಿಯೂ ಹರಿಯುತ್ತದೆ. ಆರಂಕಿಗೆ ನಿಲ್ಲಬೇಕೆಂದರೆ 27ನೇ ಕಾಲಂನಲ್ಲಿ ಏನೂ ಬರೆಯದ ಇನ್ನೊಂದು ಫೀಲ್ಡನ್ನು ತಡೆಯಾಗಿ ನಿಲ್ಲಿಸಬೇಕು. ಅಟ್ರಿಬ್ಯೂಟಿನ ಕಾಲಂ, ಉದ್ದ, ಅದರ ಮೇಲೆ ಒಂದು, ಈ ಲೆಕ್ಕವನ್ನು ಕೈಯಿಂದ ಮಾಡುತ್ತ ಕೂರುವ ಬದಲು, ಹೆಸರು, ಸಾಲು, ಕಾಲಂ, ಉದ್ದ ಕೊಟ್ಟರೆ ಫೀಲ್ಡ್ ಮತ್ತು ತಡೆ ಎರಡನ್ನೂ ಮಾಡಿಕೊಡುವ ಐದು ಸಾಲಿನ ಫಂಕ್ಷನ್ ಬರೆದುಕೊಳ್ಳುವುದು ಒಳ್ಳೆಯದು. ಇದು ಲೈಬ್ರರಿಯಲ್ಲೇ ಇರಬೇಕಿತ್ತು ಎನ್ನಿಸುತ್ತದೆ.

ತಡೆಯಲ್ಲೂ ಎರಡು ಬಗೆ. ಆಟೋಸ್ಕಿಪ್ ಹಾಕಿದರೆ ಫೀಲ್ಡ್ ತುಂಬಿದೊಡನೆ ಕರ್ಸರ್ ಮುಂದಿನ ಫೀಲ್ಡಿಗೆ ತಾನಾಗಿ ನೆಗೆಯುತ್ತದೆ. ಹಾಕದಿದ್ದರೆ ತಡೆಯೊಳಗೇ ಹೋಗಿ ನಿಲ್ಲುತ್ತದೆ, ಇನ್ನೊಂದು ಅಕ್ಷರ ಒತ್ತಿದರೆ ಲಾಕ್. ಉದಾಹರಣೆಗಳಲ್ಲಿ ಹೆಚ್ಚಾಗಿ ಆಟೋಸ್ಕಿಪ್ ಕಾಣುವುದರಿಂದ ಜನ ಕಣ್ಣುಮುಚ್ಚಿ ಅದನ್ನೇ ಹಾಕುತ್ತಾರೆ. ಅಡಿಕೆ ಲೆಕ್ಕಕ್ಕೆ ಅದು ಅಪಾಯ. ಚೀಲದ ಫೀಲ್ಡಿಗೆ ಮೂರು ಮನೆ. ಅವಸರದಲ್ಲಿ 0125 ಎಂದು ಹೊಡೆದರೆ 012 ಚೀಲಕ್ಕೆ ಹೋಗಿ, ಉಳಿದ 5 ಸದ್ದಿಲ್ಲದೆ ತೂಕದ ತಲೆಗೆ ಏರಿ ಕೂರುತ್ತದೆ. ಹನ್ನೆರಡು ಚೀಲಕ್ಕೆ ಐದು ಸಾವಿರ ಚಿಲ್ಲರೆ ಕೆಜಿ! ಉದ್ದ ಯಾವಾಗಲೂ ಅಷ್ಟೇ ಇರುವ ಲಾಟ್ ನಂಬರು, ಸದಸ್ಯರ ನಂಬರು, ಜಾತಿಯ ಕೋಡುಗಳಿಗೆ ಮಾತ್ರ ಆಟೋಸ್ಕಿಪ್ ಕೊಡಿ. ಚೀಲ, ತೂಕ, ದರಗಳಿಗೆ ಲಾಕ್ ಆಗುವ ತಡೆಯೇ ಇರಲಿ. ರೀಸೆಟ್ ಒತ್ತುವ ಕಿರಿಕಿರಿ ತಪ್ಪು ತೂಕಕ್ಕಿಂತ ಅಗ್ಗ. ಸಿ3270ಯಲ್ಲಿ ಕಂಟ್ರೋಲ್ ಜೊತೆ ಆರ್ ಒತ್ತಿದರೆ ರೀಸೆಟ್. ಇದನ್ನು ಕೌಂಟರಿನವರಿಗೆ ಮೊದಲ ದಿನವೇ ಹೇಳಿಕೊಡದಿದ್ದರೆ "ಯಂತ್ರ ನಿಂತೋಯ್ತು" ಎಂದು ಫೋನ್ ಬರುವುದು ಖಂಡಿತ.

ಮೊದಲೇ ತುಂಬಿ ಕಳಿಸುವ ಬೆಲೆಗಳ (ಫೀಲ್ಡಿನಲ್ಲಿ ಕೂರುವ ಅಕ್ಷರ, ಅಂಕಿಗಳ) ವಿಷಯದಲ್ಲೂ ಸ್ವಲ್ಪ ಎಚ್ಚರ ಬೇಕು. ಸದಸ್ಯರ ಹೆಸರನ್ನು ಅಂದವಾಗಿ ಕಾಣಲೆಂದು ಬಲಗಡೆ ಸ್ಪೇಸ್ ತುಂಬಿಸಿ ಇಪ್ಪತ್ತು ಅಕ್ಷರ ಮಾಡಿ ಕಳಿಸಬೇಡಿ. 3270ಗೆ ಸ್ಪೇಸ್ ಕೂಡ ಒಂದು ಅಕ್ಷರ. ಇನ್ಸರ್ಟ್ ಒತ್ತಿ ನಡುವೆ ಒಂದಕ್ಷರ ತೂರಿಸಲು ಹೋದರೆ ಫೀಲ್ಡ್ ತುಂಬಿದೆ ಎಂದು ಲಾಕ್ ಆಗುತ್ತದೆ. ಬರೀ ಹೆಸರಷ್ಟೇ ಕಳಿಸಿದರೆ ಉಳಿದ ಮನೆಗಳು ನಿಜವಾಗಿ ಖಾಲಿ ಇರುತ್ತವೆ, ಇನ್ಸರ್ಟ್ ಸಲೀಸು. ಹೆಸರು ಉದ್ದವಾದರೆ ಕಳಿಸುವ ಮೊದಲೇ ಕತ್ತರಿಸಿ. ಇಲ್ಲದಿದ್ದರೆ ತಡೆಯನ್ನು ದಾಟಿ ಹೋದ ಬಾಲ ಅದರ ಆಚೆ ಹಾಗೇ ತೂಗುತ್ತಿರುತ್ತದೆ.

ತಪಾಸಣೆಯ ನಿಯಮಗಳು

ಪರದೆ ತೋರಿಸಲು ಎರಡು ದಾರಿ. ಶೋಸ್ಕ್ರೀನ್ ಒಮ್ಮೆ ತೋರಿಸಿ, ಒತ್ತಿದ ಕೀ, ಕರ್ಸರಿನ ಜಾಗ, ಫೀಲ್ಡುಗಳ ಬೆಲೆ ಕೈಗಿಟ್ಟು ಸುಮ್ಮನಾಗುತ್ತದೆ. ಹ್ಯಾಂಡಲ್‌ಸ್ಕ್ರೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಯಮಗಳನ್ನೂ ನೋಡಿಕೊಳ್ಳುತ್ತದೆ. ಇದು ಖಾಲಿ ಇರಬಾರದು, ಇದು ಪೂರ್ಣಾಂಕವೇ ಆಗಬೇಕು, ಇದನ್ನು ಬದಲಿಸಲೇಬೇಕು ಎಂದು ಹೇಳಿಟ್ಟರೆ, ತಪ್ಪಿದಾಗ ತಾನೇ ಸಂದೇಶ ಹಾಕಿ ಅದೇ ಪರದೆಯನ್ನು ಮತ್ತೆ ತೋರಿಸುತ್ತದೆ. ಒಪ್ಪಿಗೆಯ ಕೀಗಳನ್ನೂ ಹೊರಹೋಗುವ ಕೀಗಳನ್ನೂ ಬೇರೆ ಬೇರೆ ಕೊಡಬೇಕು. ಹೊರಹೋಗುವ ಕೀ ಒತ್ತಿದರೆ ನಿಯಮ ನೋಡದೆ ಬಿಟ್ಟುಕೊಡುತ್ತದೆ, ಅದೇ ಸರಿ. ಮೇನ್‌ಫ್ರೇಮಿನ ರೂಢಿಯಂತೆ ಪಿಎಫ್3 ಹೊರಗೆ, ಪಿಎಫ್7 ಹಿಂದಿನ ಪುಟ, ಪಿಎಫ್8 ಮುಂದಿನ ಪುಟ, ಪಿಎಫ್12 ರದ್ದು ಎಂದೇ ಇಟ್ಟುಕೊಳ್ಳಿ.

ಸಣ್ಣ ಫಾರಂಗೆ ಹ್ಯಾಂಡಲ್‌ಸ್ಕ್ರೀನ್ ಧಾರಾಳ ಸಾಕು. ಅದರ ಮಿತಿಗಳು ಕಾಣುವುದು ಫಾರಂ ಬೆಳೆದಾಗ. ನಿಯಮಗಳು ಗೋ ಭಾಷೆಯ ಮ್ಯಾಪಿನಲ್ಲಿ (ಹೆಸರಿಗೊಂದರಂತೆ ಜೋಡಿಸಿಡುವ ಸಂಗ್ರಹ) ಇರುತ್ತವೆ, ಮ್ಯಾಪಿಗೆ ಕ್ರಮವಿಲ್ಲ. ಸದಸ್ಯರ ನಂಬರೂ ತೂಕವೂ ಎರಡೂ ತಪ್ಪಿದ್ದರೆ ಯಾವುದರ ದೂರು ಮೊದಲು ಬರುತ್ತದೆ ಎಂದು ನೆಚ್ಚುವಂತಿಲ್ಲ. ಕರ್ಸರ್ ಕೂಡ ತಪ್ಪಾದ ಫೀಲ್ಡಿಗೆ ಹೋಗಿ ಕೂರುವುದಿಲ್ಲ, ಆರಂಭದಲ್ಲಿ ನೀವು ಕೊಟ್ಟ ಜಾಗಕ್ಕೇ ಮರಳುತ್ತದೆ. ದಿನಕ್ಕೆ ನೂರಾರು ಲಾಟ್ ಹೊಡೆಯುವವರಿಗೆ ಇದು ಹಲ್ಲಿಗೆ ಸಿಕ್ಕ ಅಡಿಕೆ ನಾರು. ಚೀಲಕ್ಕೂ ತೂಕಕ್ಕೂ ತಾಳೆ ಇದೆಯೇ ಎಂಬಂಥ, ಎರಡು ಫೀಲ್ಡ್ ಸೇರಿಸಿ ನೋಡುವ ತಪಾಸಣೆಗೂ ಅಲ್ಲಿ ಜಾಗವಿಲ್ಲ. ಮುಖ್ಯ ನಮೂದಿನ ಪರದೆಗೆ ಶೋಸ್ಕ್ರೀನ್ ಸುತ್ತ ನಿಮ್ಮದೇ ಲೂಪ್ ಬರೆದು, ಮೇಲಿನಿಂದ ಕೆಳಕ್ಕೆ ಪರೀಕ್ಷಿಸಿ, ಮೊದಲ ತಪ್ಪಿನ ಫೀಲ್ಡಿನಲ್ಲಿ ಕರ್ಸರ್ ಇಡುವುದೇ ವಾಸಿ. ನಲವತ್ತೋ ಐವತ್ತೋ ಸಾಲಿನ ಕೆಲಸ.

ತೂಕಕ್ಕೆ ಲೈಬ್ರರಿಯ ಪೂರ್ಣಾಂಕ ನಿಯಮ ಹಾಕಿದರೆ 1250.50 ನಪಾಸು. ದಶಾಂಶ ಒಪ್ಪುವ ಸ್ವಂತ ಫಂಕ್ಷನ್ ಕೊಡಿ. ನ್ಯೂಮರಿಕ್‌ಓನ್ಲಿ ಎಂಬ ಗುರುತು ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ. ಅದು ಟರ್ಮಿನಲ್ಲಿಗೆ ಕೊಡುವ ಸೂಚನೆ ಮಾತ್ರ, ಎಕ್ಸ್3270 ತನ್ನ ಸೆಟ್ಟಿಂಗಿನಲ್ಲಿ ನ್ಯೂಮರಿಕ್ ಲಾಕ್ ಹಾಕದ ಹೊರತು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅಕ್ಷರ ಬಂದೇ ಬರುತ್ತದೆ ಎಂದುಕೊಂಡೇ ಸರ್ವರಿನಲ್ಲಿ ಪರೀಕ್ಷಿಸಬೇಕು.

ಬರೆಯಬಲ್ಲ ಫೀಲ್ಡುಗಳೆಲ್ಲ ಬದಲಾಗಲಿ ಬಿಡಲಿ ಪ್ರತಿ ಸಲವೂ ಮರಳಿ ಬರುವಂತೆ ಲೈಬ್ರರಿ ಗುರುತು ಹಾಕಿಯೇ ಕಳಿಸುತ್ತದೆ. ಅಸಲಿ ಮೇನ್‌ಫ್ರೇಮಿನಲ್ಲಿ ಬದಲಾದದ್ದಷ್ಟೇ ಬರುವಂತೆ ಮಾಡಿ ಬೈಟ್ ಉಳಿಸುವ ಪದ್ಧತಿ ಇತ್ತು. ಇಲ್ಲಿ ಕೆಲವು ಬೈಟ್ ಹೆಚ್ಚು, ತಲೆನೋವು ಕಡಿಮೆ. ಒಳ್ಳೆಯ ಆಯ್ಕೆ. ಬಂದ ಬೆಲೆಯ ಎರಡು ತುದಿಯ ಸ್ಪೇಸುಗಳನ್ನೂ ಅದೇ ಕತ್ತರಿಸುತ್ತದೆ, ಬೇಡವಾದರೆ ಕೀಪ್‌ಸ್ಪೇಸಸ್ ಹಾಕಬಹುದು. ಆದರೆ ಪರದೆ ಅಳಿಸುವ ಕ್ಲಿಯರ್ ಮತ್ತು ಸರ್ವರಿನ ಗಮನ ಸೆಳೆಯುವ ಪಿಎ ಕೀಗಳ ಕಥೆ ಬೇರೆ. ಅವನ್ನು ಒತ್ತಿದಾಗ ಯಾವ ಫೀಲ್ಡೂ ಬರುವುದಿಲ್ಲ, ಕೀಯ ಹೆಸರಷ್ಟೇ ಬರುತ್ತದೆ. ಇದು ಲೈಬ್ರರಿಯ ದೋಷವಲ್ಲ, 3270 ಇರುವುದೇ ಹಾಗೆ. ಅರ್ಧ ತುಂಬಿದ ಫಾರಂ ಮೇಲೆ ಕ್ಲಿಯರ್ ಬಿದ್ದರೆ ತುಂಬಿದ್ದು ಹೋಯಿತು. ಕರೆಂಟು ಹೋದರೂ ಅಷ್ಟೇ. ಹಾಗಾಗಿ ಒಂದು ಪರದೆಗೆ ಹತ್ತು ಲಾಟ್ ಜೋಡಿಸುವ ಆಸೆಗೆ ಬೀಳಬೇಡಿ, ಒಂದು ಲಾಟಿಗೆ ಒಂದು ಎಂಟರ್.

ಕನ್ನಡ?

ಇಲ್ಲ. ಪರದೆಗೆ ಹೋಗುವುದು ಎಬ್ಸಿಡಿಕ್ ಎಂಬ ಐಬಿಎಂನ ಹಳೆಯ ಸಂಕೇತದ, ಮುಖ್ಯವಾಗಿ ಲ್ಯಾಟಿನ್, ಅಕ್ಷರಗಳು, ಒಂದು ಮನೆಗೆ ಒಂದು. ಒತ್ತಕ್ಷರ, ಕೊಂಬು, ದೀರ್ಘ ಇವಕ್ಕೆ ಅಲ್ಲಿ ನೆಲೆಯಿಲ್ಲ. ರೂಪಾಯಿ ಚಿಹ್ನೆಯೂ ಬರುವುದಿಲ್ಲ. ಚೌಕ ಕಂಸಗಳೇ ಒಂದು ಕೋಡ್ ಪೇಜಿನಲ್ಲಿ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ) ಒಂದು ಕಡೆ, ಇನ್ನೊಂದರಲ್ಲಿ ಬೇರೆ ಕಡೆ ಇವೆ. ಎಡಗಡೆಯ ಕಂಸ 037ರಲ್ಲಿ ಹೆಕ್ಸ್ ಬಿಎ ಇದ್ದದ್ದು 1047ರಲ್ಲಿ ಎಡಿ. ಸರ್ವರಿನದೂ ಕ್ಲೈಂಟಿನದೂ ಹೊಂದದಿದ್ದರೆ ಕಂಸದ ಬದಲು ಬೇರೇನೋ ಕಾಣುತ್ತದೆ.

ಇದಕ್ಕೆ ಇರುವ ದಾರಿ ಒಂದೇ, ಪರದೆಯ ಮೇಲೆ ಅಂಕಿ ಮತ್ತು ಕೋಡ್ ಮಾತ್ರ ಇಟ್ಟುಕೊಳ್ಳುವುದು. ರಾಶಿಗೆ 1, ಚಾಲಿಗೆ 2, ಬೆಟ್ಟೆಗೆ 3 ಎಂದು. ಕನ್ನಡದ ಹೆಸರು ಡೇಟಾಬೇಸಿನಲ್ಲಿರಲಿ. ರೈತರ ಕೈಗೆ ಹೋಗುವ ಪಟ್ಟಿಯನ್ನು ಸರ್ವರೇ ಪಿಡಿಎಫ್ ಮಾಡಿ ಮಾಮೂಲಿ ಪ್ರಿಂಟರಿಗೆ ಕಳಿಸಿದರೆ ಅದರಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ. ಕೌಂಟರಿನಲ್ಲಿ ಕೂತವರಿಗೇ ಪರದೆ ಕನ್ನಡದಲ್ಲಿ ಬೇಕು ಎಂದಾದರೆ, ಅಥವಾ ಊರು, ವಿಳಾಸ, ಷರಾ ಎಂದು ಬರಹವೇ ಹೆಚ್ಚಿದ್ದರೆ, ಗೋ3270 ಬಿಟ್ಟು ವೆಬ್ ಕಡೆ ಹೋಗಿ. ಇದರಲ್ಲಿ ಮುಲಾಜಿಗೆ ಜಾಗವಿಲ್ಲ.

ನಡೆಸುವಾಗ

ಫೀಲ್ಡಿಗೆ ಹಿಡನ್ ಹಾಕಿದರೆ ಪಾಸ್‌ವರ್ಡ್ ಪರದೆಯ ಮೇಲೆ ಕಾಣುವುದಿಲ್ಲ, ತಂತಿಯ ಮೇಲೆ ಬತ್ತಲಾಗಿಯೇ ಹೋಗುತ್ತದೆ. ಎಬ್ಸಿಡಿಕ್ ಗೂಢಲಿಪಿಯಲ್ಲ. ಸಂಪರ್ಕವನ್ನು ಗೂಢಲಿಪಿಯಾಗಿಸುವ, ಗೋನ ಟಿಎಲ್‌ಎಸ್ ಪ್ಯಾಕೇಜಿನ ಲಿಸನರ್ ಕೊಡುವ ಸಂಪರ್ಕವನ್ನು ಈ ಲೈಬ್ರರಿ ಹಾಗೇ ಒಪ್ಪಿಕೊಳ್ಳುತ್ತದೆ, ಎರಡು ಮೂರು ಸಾಲು ಬದಲಿಸಿದರೆ ಸಾಕು. ಎಕ್ಸ್3270 ಕಡೆ ಸರ್ವರಿನ ಹೆಸರಿನ ಮುಂದೆ ಎಲ್ ಅಕ್ಷರ, ಒಂದು ಕೋಲನ್. ಸರ್ಟಿಫಿಕೇಟ್ ನೀವೇ ಮಾಡಿದ್ದಾದರೆ ಕ್ಲೈಂಟ್ ನಂಬುವುದಿಲ್ಲ. ಶಾಖೆಗಳು ಎರಡೋ ಮೂರೋ ಇದ್ದರೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದೊಳಗೆ ಬರೀ ಟೆಲ್‌ನೆಟ್ ಓಡಿಸುವುದು ಇನ್ನೂ ಸುಲಭ.

ಪರದೆಗಳನ್ನು ಗ್ಲೋಬಲ್ ವೇರಿಯಬಲ್ ಆಗಿ ಬರೆದಿಡುವುದು ಚಂದ, ಓದಲೂ ಸುಲಭ. ಆದರೆ ಓಡುವಾಗ ಅದರೊಳಗಿನ ಪಠ್ಯವನ್ನು ನೇರ ತಿದ್ದಿದರೆ ಶಿರಸಿಯ ಕೌಂಟರಿನ ಸದಸ್ಯರ ಹೆಸರು ಕಾರವಾರದ ಪರದೆಯಲ್ಲಿ ಕಾಣಿಸಿಕೊಂಡೀತು, ಎಲ್ಲ ಗೋರುಟೀನುಗಳಿಗೂ ಅದೊಂದೇ ಸ್ಲೈಸ್. ಬದಲಾಗುವ ಬೆಲೆಗಳನ್ನು ಪ್ರತಿ ಕರೆಯಲ್ಲೂ ಹೊಸ ಮ್ಯಾಪಿನಲ್ಲಿ ಕೊಡಿ, ಲೈಬ್ರರಿ ಅದಕ್ಕೆಂದೇ ಜಾಗ ಇಟ್ಟಿದೆ. ಗೋರುಟೀನಿನ ಆರಂಭದಲ್ಲಿ, ತಪ್ಪನ್ನು ಅಲ್ಲೇ ಹಿಡಿಯುವ ರಿಕವರ್ ಇರುವ ಡಿಫರ್ ಮರೆಯಬೇಡಿ. ಒಂದು ಕೌಂಟರಿನಲ್ಲಿ ಆದ ಪ್ಯಾನಿಕ್ (ಹಿಡಿಯದೆ ಬಿಟ್ಟ ದೊಡ್ಡ ತಪ್ಪು) ಇಡೀ ಪ್ರೋಗ್ರಾಂ ಉರುಳಿಸುತ್ತದೆ, ಎಲ್ಲ ಶಾಖೆಯೂ ಒಟ್ಟಿಗೇ ಬಂದ್.

ಒಂದು ಪರದೆಯ ಫಂಕ್ಷನ್ ಒಳಗಿಂದ ಇನ್ನೊಂದನ್ನು ಕರೆಯುತ್ತ ಹೋದರೆ ಹಿಂದಕ್ಕೆ ಬರುವ ದಾರಿ ಬೇಗ ಗೋಜಲಾಗುತ್ತದೆ. ರನ್‌ಟ್ರಾನ್ಸಾಕ್ಷನ್ಸ್ ಇದಕ್ಕೆ ಮದ್ದು. ಪ್ರತಿ ಪರದೆಯೂ ಮುಗಿದಾಗ ಮುಂದಿನದು ಯಾವುದು ಎಂದು ಹೇಳಿ ಹೊರಬರುತ್ತದೆ, ಮೇನ್‌ಫ್ರೇಮಿನ ವ್ಯವಹಾರ ನಡೆಸುವ ತಂತ್ರಾಂಶವಾದ ಸಿಐಸಿಎಸ್‌ನಲ್ಲಿ ಕೆಲಸ ಮಾಡಿದವರಿಗೆ ಪರಿಚಿತ ಧಾಟಿ. ಮೂರಕ್ಕಿಂತ ಹೆಚ್ಚು ಪರದೆ ಇದ್ದರೆ ಮೊದಲಿನಿಂದಲೇ ಇದನ್ನು ಹಿಡಿಯಿರಿ. ದಿನದ ಪಟ್ಟಿ ತೋರಿಸಲು 24 ಸಾಲು ಸಾಲದಿದ್ದರೆ 32 ಅಥವಾ 43 ಸಾಲಿನ ಟರ್ಮಿನಲ್ ಮಾದರಿ, ಇಲ್ಲವೇ 132 ಕಾಲಂ ಇರುವ 27 ಸಾಲಿನದು ಬಳಸಬಹುದು. ನೆಗೋಶಿಯೇಶನ್ ಕೊಡುವ ಮಾಹಿತಿಯನ್ನು ಶೋಸ್ಕ್ರೀನ್‌ಆಪ್ಟ್ಸ್‌ಗೆ ಮುಟ್ಟಿಸಿದರಾಯಿತು. ದರ ಬದಲಾದೊಡನೆ ಪರದೆಯ ಮೇಲೆ ತಾನಾಗಿ ಬದಲಾಗಬೇಕು ಎಂಬ ಆಸೆಗೂ ಅಲ್ಲೇ ದಾರಿಯಿದೆ, ಉತ್ತರಕ್ಕೆ ಕಾಯದೆ, ಪರದೆ ಅಳಿಸದೆ ಬರೆಯಬಹುದು. ಆದರೆ ಒಂದೇ ಸಂಪರ್ಕಕ್ಕೆ ಎರಡು ಗೋರುಟೀನ್ ಬರೆಯುವಾಗ ಲಾಕ್ ಹಾಕಿಕೊಳ್ಳುವ ಹೊಣೆ ನಿಮ್ಮದು. ಪಿಎಫ್5 ಒತ್ತಿದರೆ ಹೊಸ ದರ ಎಂದಿಟ್ಟರೆ ಸಾಕಲ್ಲವೇ.

ಲೈನು ಕಡಿದು ಹೋದ ಟರ್ಮಿನಲ್ಲನ್ನು ಗುರುತಿಸಲು ಗೋ ತಾನಾಗಿ 15 ಸೆಕೆಂಡಿನ ಕೀಪ್‌ಅಲೈವ್ (ಇದ್ದೀಯಾ ಎಂದು ಕೇಳುವ ಸಂದೇಶ) ಕಳಿಸುತ್ತದೆ, ಸತ್ತ ಸಂಪರ್ಕಗಳು ಕೆಲ ನಿಮಿಷಗಳಲ್ಲಿ ಬೀಳುತ್ತವೆ. ಲಾಗಿನ್ ಮಾಡಿ ಊಟಕ್ಕೆ ಹೋದವರ ಪರದೆ ಮುಚ್ಚಲು ಮಾತ್ರ ಪ್ರತಿ ಪರದೆಗೆ ಮುನ್ನ ರೀಡ್ ಡೆಡ್‌ಲೈನ್ ನೀವೇ ಇಡಬೇಕು.

ಪರೀಕ್ಷೆಗೆ ಎಸ್3270 ಇಟ್ಟುಕೊಳ್ಳಿ. ಅದಕ್ಕೆ ಪರದೆ ಇಲ್ಲ, ಸ್ಕ್ರಿಪ್ಟಿನಿಂದ ಅಕ್ಷರ ತುಂಬಿಸಿ, ಎಂಟರ್ ಒತ್ತಿಸಿ, ಬಂದ ಪರದೆಯನ್ನು ಪಠ್ಯವಾಗಿ ಓದಬಹುದು. ಮೇಲೆ ಹೇಳಿದ 0125 ಚೀಲದ ತಪ್ಪನ್ನು ಮೊದಲ ಪರೀಕ್ಷೆಯಾಗಿ ಬರೆದಿಡಿ. ಕಂಪೈಲ್ ಆದ ಸರ್ವರ್ ಒಂದೇ ಫೈಲು, ರಾಸ್ಪ್‌ಬೆರಿ ಪೈಗೂ ಇಲ್ಲಿಂದಲೇ ಕಟ್ಟಿ ನಕಲು ಮಾಡಿ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಕೆಳಗೆ ಓಡಿಸಬಹುದು. ಕೌಂಟರಿನ ಯಂತ್ರಕ್ಕೆ ಯುಪಿಎಸ್ ಇಲ್ಲದಿದ್ದರೂ ನಡೆದೀತು, ಈ ಪೆಟ್ಟಿಗೆಗೆ ಮತ್ತು ರೌಟರಿಗೆ ಇರಲೇಬೇಕು.